ಏಳು ಸೀಟಿನ ಸದ್ದು

ದೇವರು ಎಲ್ಲರಿಗೂ ಎರಡೆರಡು ಕಿವಿ ಅಳೆದು ಕೊಟ್ಟ. ಉರಿಗಾಂನ ಮುನಿಸ್ವಾಮಪ್ಪನ ಸರದಿ ಬಂದಾಗ ಮಾತ್ರ ಕೈ ಜಾರಿತೋ, ಕರುಣೆ ಉಕ್ಕಿತೋ, ಅಳತೆ ಮೀರಿ ಸುರಿದುಬಿಟ್ಟ. ಏಕೆಂದು ನಾವು ಕೇಳುವಂತಿಲ್ಲ. ಕೇಳಿದರೂ ಅವನು ಹೇಳುವವನಲ್ಲ.

ಈ ಕಿವಿಯಿಂದಲೇ ಮುನಿಸ್ವಾಮಪ್ಪ ಮೂವತ್ನಾಲ್ಕು ವರ್ಷ ಅನ್ನ ತಿಂದ. ಮಣ್ಣು ತಳ್ಳುವ, ಕಲ್ಲು ಹೊರುವ ಆನೆಯಂಥ ಯಂತ್ರಗಳನ್ನು ಮಾಡುವ ಕಾರ್ಖಾನೆಯ ಪರೀಕ್ಷಾ ಅಂಗಳದಲ್ಲಿ ಅವನ ಕೆಲಸ. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದನೆಂದರೆ ಜಪಕ್ಕೆ ನಿಂತ ಹಾಗೆ. ಸುತ್ತಲೂ ಇಂಜಿನಿಯರುಗಳು ಉಸಿರು ಬಿಗಿಹಿಡಿದು ಕಾಯಬೇಕು. ಅವನು ಕಣ್ಣು ತೆರೆದು "ಸರಿ" ಅಂದರೆ ಯಂತ್ರ ಗೇಟು ದಾಟುತ್ತಿತ್ತು. "ಬೇರಿಂಗು" ಅಂದರೆ ದಾಟುತ್ತಿರಲಿಲ್ಲ.

ನಿವೃತ್ತನಾಗಿ ಎರಡು ವರ್ಷವಾಯಿತು. ಮದುವೆಯಾಗಿರಲಿಲ್ಲ. ವಯಸ್ಸಿನಲ್ಲಿ ಹೆಣ್ಣು ನೋಡಲು ಹೋದ ಮನೆಗಳಲ್ಲೆಲ್ಲ ಹುಡುಗಿಯ ಮಾತಿಗೆ ಮೊದಲು ಗೋಡೆ ಗಡಿಯಾರಕ್ಕೆ ಕಿವಿಗೊಟ್ಟು "ಇದು ಸದ್ಯದಲ್ಲೇ ನಿಂತೋಯ್ತದೆ" ಎಂದುಬಿಡುತ್ತಿದ್ದ ಎಂಬುದು ಅವನ ಅಕ್ಕನ ದೂರು. ಒಂಟಿ ಮನೆಯಲ್ಲಿ ಕೈ ಸುಮ್ಮನಿರಲಿಲ್ಲ. ಮೊದಲ ಆರು ತಿಂಗಳಲ್ಲಿ ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟ, ತೊಟ್ಟಿಕ್ಕುವ ನಲ್ಲಿಗೆ ವಾಷರು ಹಾಕಿದ, ಟಕಟಕ ಎನ್ನುವ ಫ್ಯಾನಿನ ಬೋಲ್ಟು ಬಿಗಿದ. ಮನೆಯ ಸದ್ದೆಲ್ಲ ರಿಪೇರಿಯಾಯಿತು. ಕೊನೆಗೆ ಎಷ್ಟು ನಿಶ್ಶಬ್ದವಾಯಿತೆಂದರೆ, ಮುದ್ದೆ ನುಂಗುವ ಸದ್ದು ತನಗೇ ಕೇಳಿಸಿ ಅವನಿಗೆ ಸಂಕೋಚವಾಗುತ್ತಿತ್ತು.

ಹೀಗಿರುವಾಗ ನವೆಂಬರಿನಲ್ಲಿ ಪಿಂಚಣಿಯ ಸಲುವಾಗಿ, ತಾನು ಬದುಕಿದ್ದೇನೆಂದು ಬೆರಳೊತ್ತಿ ಹೇಳಲು ಬಂಗಾರಪೇಟೆಗೆ ಹೋದ. ಬೆರಳಚ್ಚು ತೆಗೆದುಕೊಂಡವರು ಯಂತ್ರವನ್ನು ನೋಡಿದರೇ ಹೊರತು ಅವನ ಮುಖವನ್ನಲ್ಲ. ಅವನು ಜೀವಂತವಾಗಿರುವುದು ಸರ್ಕಾರಕ್ಕೆ ಖಾತ್ರಿಯಾಯಿತು. ಇನ್ನು ಯಾರಿಗೆ ಹೇಳುವುದೆಂದು ತೋಚದೆ ಮುನಿಸ್ವಾಮಪ್ಪ ರಸ್ತೆಗೆ ಬಂದ.

ರಸ್ತೆಯ ಪಕ್ಕ ಶಾಮಿಯಾನ ಹಾಕಿ, ಹೂವಿನ ಹಾರ ತೊಡಿಸಿ, ಕಪ್ಪಗೆ ಮಿರುಗುವ ದೊಡ್ಡ ಕಾರೊಂದನ್ನು ನಿಲ್ಲಿಸಿದ್ದರು. ಇಂಜಿನ್ ಓಡುತ್ತಿತ್ತು. ಮುನಿಸ್ವಾಮಪ್ಪನ ಕಾಲು ತಾನಾಗಿ ನಿಂತಿತು.

"ತಮ್ಮಾ, ನಾಲ್ಕನೇ ಇಂಜೆಕ್ಟರು ಡೀಸೆಲ್ಲು ಒಂದು ಗುಟುಕು ಕಮ್ಮಿ ಕುಡೀತೈತೆ ನೋಡು," ಎಂದ.

ಟೈ ಕಟ್ಟಿಕೊಂಡಿದ್ದ ಸೇಲ್ಸ್‌ನ ಸಾಯಿಕುಮಾರ್ ಬೆಳಗಿನಿಂದ ಕಾರಿನ ಮುಂದೆ ಸೆಲ್ಫಿ ತೆಗೆದುಕೊಳ್ಳುವವರನ್ನು ಮಾತ್ರ ನೋಡಿದ್ದ. ತಪ್ಪು ಹುಡುಕುವವನೇ ಗಿರಾಕಿ ಎಂದು ಅವನ ತರಬೇತಿಯಲ್ಲಿ ಕಲಿಸಿದ್ದರು. ಓಡಿ ಬಂದು ಕುರ್ಚಿ ಹಾಕಿದ.

"ಕೂತ್ಕೊಳ್ಳಿ ಸಾರ್! ಎರಡು ಲೀಟರ್ ಡೀಸೆಲ್ ಟರ್ಬೊ ಸಾರ್, ನೂರ ಎಂಬತ್ತು ಹಾರ್ಸ್ ಪವರು, ಸೊನ್ನೆಯಿಂದ ನೂರಕ್ಕೆ ಹತ್ತೇ ಸೆಕೆಂಡು!"

"ನೂರು ಇರ್ಲಿ. ಎಳೆತ ಎಷ್ಟು? ಉಬ್ಬಿನಲ್ಲಿ ನಿಲ್ಲಿಸಿ ಎತ್ತಿದ್ರೆ ಇಂದಕ್ಕೆ ಜಾರ್ತೈತಾ?"

ಸಾಯಿಕುಮಾರನ ಕಣ್ಣಲ್ಲಿ ನೀರಾಡಿತು. ಇಷ್ಟು ದಿನ ಎಲ್ಲರೂ ಕೇಳಿದ್ದು ಮೇಲಿನ ಗಾಜಿನ ಕಿಟಕಿ ತೆರೆಯುತ್ತದಾ ಎಂದು ಮಾತ್ರ.

"ಸಾರ್, ಫ್ಯಾಮಿಲಿ ಎಷ್ಟು ಜನ ಸಾರ್?"

ಕಳೆದ ಹನ್ನೊಂದು ದಿನದಲ್ಲಿ ಮುನಿಸ್ವಾಮಪ್ಪನನ್ನು ಇನ್ನೊಬ್ಬರು ಕೇಳಿದ್ದು ಒಂದೇ ಪ್ರಶ್ನೆ. ಅದೂ ಆ ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಕೇಳಿದ "ಎಲ್ಲಿಗೆ" ಎಂಬುದು. ಅವನು ಕಾರಿನೊಳಗೆ ಒಮ್ಮೆ ನೋಡಿದ. ತುಟಿ ಸಣ್ಣಗೆ ಅಲುಗಿತು, ಎಣಿಸುವವನಂತೆ.

"ಏಳು," ಎಂದ.

ಸೀಟು ಎಣಿಸಿ ಹೇಳಿದನೋ, ಇನ್ನೇನನ್ನೋ ಎಣಿಸಿ ಹೇಳಿದನೋ, ಆ ಸಂಗತಿ ಆಮೇಲೆ ಬರುತ್ತದೆ.

"ಅಂದ್ರೆ ನಿಮಗೋಸ್ಕರನೇ ಮಾಡಿದ ಗಾಡಿ ಸಾರ್ ಇದು! ಭಾನುವಾರ ಮನೆ ಬಾಗಿಲಿಗೇ ತರ್ತೀನಿ. ಫ್ಯಾಮಿಲಿ ಎಲ್ಲ ಕೂತ್ಕೊಂಡು ಎಂಟು ಕಿಲೋಮೀಟರು ಓಡಿಸಿ ನೋಡಿ. ಇಷ್ಟ ಆದ್ರೆ ಮುಂದಿನ ಮಾತು."

ಮುನಿಸ್ವಾಮಪ್ಪ ಬೇಡವೆನ್ನಬೇಕಿತ್ತು. ಆದರೆ ಯಂತ್ರವೊಂದನ್ನು ಪರೀಕ್ಷಿಸಲು ಎರಡು ವರ್ಷದಿಂದ ಯಾರೂ ಕರೆದಿರಲಿಲ್ಲ. ವಿಳಾಸ ಬರೆಸಿದ.

ಗುರುವಾರ ಸಾಯಿಕುಮಾರ್ ಮನೆ ಗುರುತು ಮಾಡಿಕೊಳ್ಳಲು ಸ್ಕೂಟರಿನಲ್ಲಿ ಉರಿಗಾಂಗೆ ಬಂದ. ಕೇಳಬಾರದವರನ್ನೇ ಕೇಳಿದ. ಬೀದಿ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಮುನಿರತ್ನಮ್ಮ ಮುನಿಸ್ವಾಮಪ್ಪನ ಪಕ್ಕದ ಮನೆಯವಳು. ಇಬ್ಬರಿಗೂ ನಡುವೆ ಒಂದೇ ಗೋಡೆ. ಸುದ್ದಿಯನ್ನು ಮನೆಯಲ್ಲಿ ಬಚ್ಚಿಟ್ಟರೆ ಕೆಟ್ಟುಹೋಗುತ್ತದೆ ಎಂದು ನಂಬಿದ ಹೆಂಗಸು.

"ಯಾವ್ ಗಾಡಿ?" ಎಂದಳು.

"ಏಳು ಸೀಟಿಂದು ಅಮ್ಮಾ. ಸಾರ್ ಫ್ಯಾಮಿಲಿಗೆ."

ಬಿಂದಿಗೆ ತುಂಬಿ ಹರಿಯಿತು. ಮುನಿರತ್ನಮ್ಮ ನಲ್ಲಿ ನಿಲ್ಲಿಸಲಿಲ್ಲ.

"ಒಬ್ಬನೇ ಮನುಸ್ಯಂಗೆ ಏಳು ಸೀಟ್ಯಾಕೆ?" ಎಂದು ಅವಳು ನೆರೆದವರನ್ನು ಕೇಳಿದಳು. "ಮದುವೆ ಕಣ್ರೇ! ಬೇರೇನೂ ಅಲ್ಲ. ಬರೋಳು ಒಬ್ಬಳು, ಎರಡಾಯ್ತು. ಮಿಕ್ಕಿದ್ದು ಐದು?"

"ಮಕ್ಕಳಿರೋ ಎಣ್ಣೇ ಇರಬೇಕು ಕಣಕ್ಕ."

"ನಾಲ್ಕು ಮಕ್ಕಳು, ಒಬ್ಬಳು ಅತ್ತೆ. ಸರಿ ಓಯ್ತು ನೋಡು!"

ಸಂಜೆಯ ಹೊತ್ತಿಗೆ ಆ ನಾಲ್ಕು ಮಕ್ಕಳಲ್ಲಿ ದೊಡ್ಡವಳು ಡಿಗ್ರಿ ಓದುತ್ತಿದ್ದಳು. ಕಿರಿಯವನಿಗೆ ಗಣಿತ ಕಷ್ಟವಾಗಿತ್ತು. ಅತ್ತೆಗೆ ಮಂಡಿನೋವು.

ಎದುರುಮನೆಯ ಕುಪ್ಪುಸ್ವಾಮಿ ಹಳೆಯ ಗಣಿ ಕೆಲಸಗಾರ, ಎಂಟು ಸಾವಿರ ಅಡಿ ಆಳದಲ್ಲಿ ಕೂಗಿ ಕೂಗಿ ಮಾತಾಡಿ ಅಭ್ಯಾಸವಾದವನು. ನೆಲದ ಮೇಲೂ ಅದೇ ದನಿ, ಅದೇ ಅರೆತಮಿಳು. ಮುನಿಸ್ವಾಮಪ್ಪನ ಮನೆಗೇ ಬಂದು ಕೂಗಿದ.

"ಎನ್ನಪ್ಪಾ ಮುನಿಸಾಮೀ! ನಾಲ್ಕು ಮಕ್ಕಳಂತೆ! ರೆಡಿಮೇಡು!"

"ಅಂಥದ್ದೇನೂ ಇಲ್ಲ ಕುಪ್ಪುಸಾಮಿ. ನಾನು ಗಾಡಿ ಸದ್ದು ಕೇಳಕ್ಕೆ..."

"ಅಯ್ಯೋ ಕಡವುಳೇ, ನಾಚ್ಕೋತಾನೆ ನೋಡಮ್ಮಾ! ಅರವತ್ತೆರಡಕ್ಕೆ ನಾಚಿಕೆ ಬಂದೈತೆ ಇವ್ನಿಗೆ!"

ಆ ಕ್ಷಣದಲ್ಲಿ ಮುನಿರತ್ನಮ್ಮ ಬಿಸಿ ಅವರೆಕಾಳು ಸಾರಿನ ಬಟ್ಟಲು ತಂದು ಅವನ ಮುಂದಿಟ್ಟಳು. ಬಾಯಲ್ಲಿ ಸಾರಿರುವಾಗ ಸತ್ಯ ಹೇಳುವುದು ಸಾಧ್ಯವಿಲ್ಲ. ನುಂಗಿ ಹೇಳೋಣವೆಂದರೆ ಅಷ್ಟರಲ್ಲಿ ಇನ್ನೊಬ್ಬರು ಬಂದರು. ಗೋಡೆಗೆ ಯಾವ ಬಣ್ಣ ಹೊಡೆಸಬೇಕು, ಅತ್ತೆಯನ್ನು ಯಾವ ಕೋಣೆಯಲ್ಲಿ ಮಲಗಿಸಬೇಕು ಎಂದು ಅವನ ಮನೆಯೊಳಗೇ ಎರಡು ಪಕ್ಷವಾಗಿ ಜಗಳ ನಡೆಯಿತು. ಮುನಿಸ್ವಾಮಪ್ಪ ಮೂಲೆಯಲ್ಲಿ ಕೂತು ಕೇಳಿದ. ನಾಳೆ ಹೇಳುತ್ತೇನೆ ಎಂದುಕೊಂಡ. ಶುಕ್ರವಾರವೂ ಹಾಗೆಯೇ ಅಂದುಕೊಂಡ.

ಶನಿವಾರ ಬೇತಮಂಗಲದ ಬಸ್ಸಿನಿಂದ ಅಕ್ಕ ಆದಿಲಕ್ಷ್ಮಮ್ಮ ಇಳಿದಳು.

ಅಕ್ಕ ಈ ಮನೆಯ ಹೊಸ್ತಿಲು ತುಳಿದು ಮೂರು ವರ್ಷವಾಗಿತ್ತು. ಅವಳ ಮಗಳು ಶಶಿರೇಖಳ ಮದುವೆಯ ದಿನ, ಹೆಣ್ಣು ಕಳಿಸಿಕೊಡುವ ಹೊತ್ತಿನಲ್ಲಿ, ಈ ಮಾವ ಅನ್ನಿಸಿಕೊಂಡವನು ಅಕ್ಷತೆ ಹಾಕುವುದು ಬಿಟ್ಟು ಮದುವೆ ಗಾಡಿಯ ಬಾನೆಟ್ಟಿಗೆ ಸ್ಕ್ರೂಡ್ರೈವರ್ ಇಟ್ಟು, ಬೀಗರೆಲ್ಲರ ಎದುರು "ಈ ಗಾಡಿ ಊರು ಮುಟ್ಟಲ್ಲ" ಎಂದು ತೀರ್ಪು ಕೊಟ್ಟಿದ್ದ. ಅಪಶಕುನ ನುಡಿದನೆಂದು ದೊಡ್ಡ ರಾದ್ಧಾಂತವಾಯಿತು. ಗಾಡಿ ಕ್ಯಾಸಂಬಳ್ಳಿಯ ಹತ್ತಿರ ಹೊಗೆಯಾಡಿ ನಿಂತಿತು. ಸುಳ್ಳಾಗಿದ್ದರೆ ಅಕ್ಕ ಕ್ಷಮಿಸುತ್ತಿದ್ದಳೇನೋ. ನಿಜವಾದದ್ದನ್ನು ಕ್ಷಮಿಸಲಾಗಲಿಲ್ಲ.

"ಲೋ ಮುನಿಸ್ವಾಮಿ," ಎಂದಳು ಬಾಗಿಲಲ್ಲೇ ನಿಂತು. "ಎಣ್ಣು ಗೊತ್ತು ಮಾಡ್ಕೊಂಡು ಒಡಹುಟ್ಟಿದೋಳಿಗೆ ಒಂದ್ಮಾತು ಏಳಿಲ್ವೇನ್ಲಾ? ಬೀದಿ ಜನದ ಬಾಯಲ್ಲಿ ಕೇಳಬೇಕಾ ನಾನು?"

ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಮ್ಮ ಇದ್ದಿದ್ರೆ ಎಷ್ಟು ಸಂತೋಸ ಪಡ್ತಿದ್ಲು" ಎಂದು ಒಳಗೆ ಬಂದು, ತನ್ನದೇ ಮನೆಯೆಂಬಂತೆ ಪಾತ್ರೆ ಎಳೆದು ಒಲೆ ಹಚ್ಚಿದಳು. ಪಾತ್ರೆಗಳು ಸದ್ದು ಮಾಡಿದವು. ಮುನಿಸ್ವಾಮಪ್ಪ ಬಾಯಿ ಮುಚ್ಚಿದ.

ಭಾನುವಾರ ಬೆಳಿಗ್ಗೆ ಕಾರು ಬಂದಾಗ ಬೀದಿಯೇ ಹೊರಗಿತ್ತು. ಅಕ್ಕ ತಟ್ಟೆಯಲ್ಲಿ ಎಲೆಅಡಿಕೆ, ಬಾಳೆಹಣ್ಣು, ಹೂವು ಜೋಡಿಸಿಕೊಂಡು ನಿಂತಿದ್ದಳು. ಇವತ್ತು ಹೊರಟಿರುವುದು ಹೆಣ್ಣಿನ ಮನೆಗೆ ಎಂಬುದನ್ನು ರಾತ್ರಿಯೇ ಎಲ್ಲರೂ ಸೇರಿ ತೀರ್ಮಾನಿಸಿದ್ದರು. ಮದುಮಗನನ್ನು ಕೇಳುವ ಅಗತ್ಯ ಬಿದ್ದಿರಲಿಲ್ಲ.

"ಕಂಪನಿ ರೂಲ್ಸು ಅಮ್ಮಾ, ಡ್ರೈವರ್ ಪಕ್ಕ ನಾನು ಕೂತ್ಕೋಬೇಕು," ಎಂದ ಸಾಯಿಕುಮಾರ್.

"ಗಂಡಿನ ಅಕ್ಕ ಇಂದೆ ಕೂತ್ಕೊಂಡು ಬಂದ್ರೆ ಏನಪ್ಪಾ ಮರ್ಯಾದೆ? ನೀನು ಇಂದಕ್ಕೆ ನಡಿ."

ಹೀಗೆ ಮುಂದೆ, ಸ್ಟೇರಿಂಗ್ ಹಿಡಿದ ಮುನಿಸ್ವಾಮಪ್ಪನ ಪಕ್ಕ, ಅಕ್ಕ. ನಡುಸಾಲಿನಲ್ಲಿ ಮುನಿರತ್ನಮ್ಮ, ಅವಳ ಅತ್ತೆ, ಕುಪ್ಪುಸ್ವಾಮಿಯ ಹೆಂಡತಿ. ಕೊನೆಯ ಸಾಲಿನಲ್ಲಿ ಕುಪ್ಪುಸ್ವಾಮಿ ಮತ್ತು ಸಾಯಿಕುಮಾರ್, ಇಬ್ಬರ ನಡುವೆ ದೃಷ್ಟಿ ತೆಗೆಯಲು ತಂದ ಬೂದುಗುಂಬಳಕಾಯಿ. ಬರುವಾಗ ಹೆಣ್ಣು, ನಾಲ್ಕು ಮಕ್ಕಳು, ಮಂಡಿನೋವಿನ ಅತ್ತೆ ಎಲ್ಲಿ ಕೂರಬೇಕೆಂದು ಯಾರಿಗೂ ಹೊಳೆಯಲಿಲ್ಲ. ಸಂಭ್ರಮಕ್ಕೆ ಅಷ್ಟೆಲ್ಲ ಯೋಚನೆ ಇರುವುದಿಲ್ಲ.

ಮೊದಲ ನಿಲುಗಡೆ ಬೀದಿ ಕೊನೆಯ ಮುನೇಶ್ವರನ ಗುಡಿ. ಪೂಜಾರಿ ನಾಲ್ಕು ಚಕ್ರಕ್ಕೂ ನಿಂಬೆಕಾಯಿ ಇಟ್ಟು ಬಾನೆಟ್ಟಿನ ಮೇಲೆ ಅರಿಶಿನ ಬಳಿಯತೊಡಗಿದ.

"ಪೂಜಾರ್ರೇ, ಇದು ಡೆಮೊ ಗಾಡಿ!" ಸಾಯಿಕುಮಾರ್ ಹಿಂದಿನಿಂದ ಕೂಗಿದ. ಕುಂಬಳಕಾಯಿ ದಾಟಿ ಇಳಿಯಲು ಅವನಿಗೆ ಆಗಿರಲಿಲ್ಲ.

"ಡೆಮೊ ಆದ್ರೇನು, ಚಕ್ರ ಇಲ್ವಾ? ಚಕ್ರ ಇದ್ಮೇಲೆ ನಿಂಬೆಕಾಯಿ," ಎಂದ ಪೂಜಾರಿ. ಶಾಸ್ತ್ರ ಅಷ್ಟು ಸ್ಪಷ್ಟವಾಗಿತ್ತು. ಆಮೇಲೆ ಕರ್ಪೂರ ಹಚ್ಚಿ, "ಮುನೇಶ್ವರ, ನಿನ್ನ ಎಸರು ಇಟ್ಕೊಂಡೋನು, ಇವನ ಕುಟುಂಬಕ್ಕೆಲ್ಲ ಒಳ್ಳೇದು ಮಾಡಪ್ಪ" ಎಂದು ಬೇಡಿದ.

ಮುನಿಸ್ವಾಮಪ್ಪ ತಿರುಗಿ ನೋಡಿದ. ನಿಜವಾಗಿಯೂ ಅವನ ಹಿಂದೆ ಕೈಮುಗಿದ ಜನವಿತ್ತು. ಹೆಸರು ಕೊಟ್ಟ ದೇವರ ಎದುರು ಸುಳ್ಳು ಹೊತ್ತು ನಿಂತಿದ್ದೇನಲ್ಲ ಎಂದುಕೊಂಡ. ಇಲ್ಲೇ ಹೇಳಿಬಿಡೋಣವೆಂದು ಬಾಯಿ ತೆರೆದ. ಪೂಜಾರಿ ಆ ಬಾಯಿಗೆ ತೀರ್ಥ ಹಾಕಿದ.

ಗಾಡಿ ಹೊರಟಿತು. ಹೊರಡುವ ಮೊದಲು ಮುನಿಸ್ವಾಮಪ್ಪ ಸ್ಕ್ರೂಡ್ರೈವರ್ ಇಟ್ಟು ಇಂಜಿನ್ ಕೇಳಿಸಿಕೊಳ್ಳುವುದನ್ನು ಮರೆಯಲಿಲ್ಲ. ಅಕ್ಕ ಮುಖ ತಿರುಗಿಸಿ "ಇವತ್ತಾದ್ರೂ ಏನೂ ಅನ್ನಬ್ಯಾಡ ಕಣ್ಲಾ" ಎಂದಳು. ಅನ್ನಲಿಲ್ಲ.

ಗಣಿಯ ಮಣ್ಣು ಸುರಿದ ಸಯನೈಡ್ ದಿಬ್ಬದ ಪಕ್ಕದ ಉಬ್ಬು ರಸ್ತೆಯಲ್ಲಿ ನಿಲ್ಲಿಸಿ ಎತ್ತಿದ. ಗೇಣು ಹಿಂದಕ್ಕೆ ಜಾರಲಿಲ್ಲ. ತಿರುವಿನಲ್ಲಿ ಹಿಡಿತ ನೋಡಿದ. ಎರಡು ಟನ್ನಿನ ಗಾಡಿ ಹಸುವಿನಂತೆ ತಿರುಗಿತು. ಅಷ್ಟರಲ್ಲಿ ಅಕ್ಕನಿಗೆ ಸೆಖೆಯಾಗಿ, ತಂಗಾಳಿ ಬರಲೆಂದು ಕೈಗೆ ಸಿಕ್ಕ ಗುಂಡಿ ತಿರುಗಿಸಿದಳು. ಅದು ಸ್ಪೋರ್ಟ್ ಮೋಡು. ಗಾಡಿ ಬಾಣದಂತೆ ಹಾರಿತು. ಕುಂಬಳಕಾಯಿ ಎದ್ದು ಸಾಯಿಕುಮಾರನ ಮಡಿಲಿಗೆ ಬಂದು ಕೂತಿತು.

"ಎಣ್ಣಿನ ಮನೆ ಬಂತಾ?" ಎಂದಳು ಮುನಿರತ್ನಮ್ಮನ ಅತ್ತೆ, ನಿದ್ದೆಯಿಂದ ಎಚ್ಚೆತ್ತು.

"ಇನ್ನೂ ಇಲ್ಲ ಅತ್ತೆ, ಸುಮ್ನೆ ಕೂತ್ಕೋ."

"ಲೋ, ಎಣ್ಣು ಕೆಂಪಗವ್ಳಾ ಕಪ್ಪಗವ್ಳಾ, ಅದನ್ನಾದ್ರೂ ಏಳ್ಲಾ!"

"ಮುನಿಸಾಮೀ! ಇಲ್ಲಿ ಕಾಲು ಮಡಚಕ್ಕೆ ಜಾಗ ಇಲ್ಲ! ಗಣಿಯೊಳಗೂ ನಾನು ಇಷ್ಟು ಮುದುಡಿಲ್ಲ!"

"ಮೇಲಿನ ಗಾಜು ತೆಗೀರಣ್ಣಾ, ಮುಖ ಆಚೆ ಆಕ್ಬೇಕು!" ಎಂದಳು ಕುಪ್ಪುಸ್ವಾಮಿಯ ಹೆಂಡತಿ.

"ಸಾರ್, ಎಂಟು ಕಿಲೋಮೀಟರ್ ಆಯ್ತು ಸಾರ್. ಸಾರ್?"

ಮುನಿಸ್ವಾಮಪ್ಪನ ಕಿವಿ ಇವೆಲ್ಲವನ್ನೂ ಒಂದೊಂದಾಗಿ ಹೆಕ್ಕಿಕೊಂಡಿತು. ಕೊನೆಗೆ ಎಂದಿನ ಅಭ್ಯಾಸದಂತೆ ಇಂಜಿನ್ನಿನ ಕಡೆ ತಿರುಗಿಸಿದ. ಕೇಳಿಸಲಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಮೊದಲ ಬಾರಿಗೆ ಅವನಿಗೆ ಇಂಜಿನ್ ಕೇಳಿಸಲಿಲ್ಲ.

ಆಗ ಅವನಿಗೊಂದು ಸಂಗತಿ ಅರ್ಥವಾಯಿತು. ಗಾಡಿ ಓಡುತ್ತಿರುವಷ್ಟು ಹೊತ್ತು ಇವರೆಲ್ಲ ಇಲ್ಲೇ ಇರುತ್ತಾರೆ. ನಿಂತರೆ ಇಳಿಯುತ್ತಾರೆ. ಆದ್ದರಿಂದ ಅವನು ನಿಲ್ಲಿಸಲಿಲ್ಲ.

ಒಂದು ಊರು ಬಂತು. "ಈ ಊರೇನ್ಲಾ?" "ಇನ್ನೂ ಮುಂದಕ್ಕ." ಇನ್ನೊಂದು ಬಂತು. "ಇದಾ?" "ಇನ್ನೂ ಚೂರು ಮುಂದೆ." ಕ್ಯಾಸಂಬಳ್ಳಿ ಬಂದಾಗ, ಮದುವೆ ಗಾಡಿ ನಿಂತಿದ್ದ ಹುಣಸೇಮರದ ಹತ್ತಿರ ಅಕ್ಕ ಒಂದು ಕ್ಷಣ ಮಾತು ನಿಲ್ಲಿಸಿ, ಮತ್ತೆ ಶುರು ಮಾಡಿದಳು. ಇಪ್ಪತ್ತು ಕಿಲೋಮೀಟರ್ ಆಯಿತು, ಮೂವತ್ತಾಯಿತು. ಸಾಯಿಕುಮಾರ್ ಕುಂಬಳಕಾಯಿಯನ್ನು ತಬ್ಬಿಕೊಂಡು ಮೇಲಧಿಕಾರಿಯ ಫೋನಿಗೆ "ಬರ್ತಾ ಇದೀವಿ ಸಾರ್" ಎಂದು ಆರನೇ ಸಲ ಹೇಳಿದ. ನಲವತ್ತೆರಡನೇ ಕಿಲೋಮೀಟರಿಗೆ ಡೀಸೆಲ್ ದೀಪ ಕೆಂಪಗೆ ಉರಿಯಿತು.

ಬೇತಮಂಗಲದ ಕೆರೆ ಏರಿಯ ಮೇಲೆ ಮುನಿಸ್ವಾಮಪ್ಪ ಗಾಡಿ ನಿಲ್ಲಿಸಿ, ಕೀ ತಿರುಗಿಸಿದ.

"ಇದು ನಮ್ಮೂರಲ್ವೇನ್ಲಾ?" ಅಕ್ಕ ಕಣ್ಣರಳಿಸಿದಳು. "ನಮ್ಮೂರ ಎಣ್ಣೇನಾ? ಯಾರ ಮನೇದು?"

"ಎಣ್ಣಿಲ್ಲ ಅಕ್ಕ."

"ಏನು?"

"ಎಣ್ಣೂ ಇಲ್ಲ. ಮಕ್ಕಳೂ ಇಲ್ಲ. ಗಾಡೀನೂ ನಂದಲ್ಲ. ಓಡಿಸಿ ನೋಡಕ್ಕೆ ಕೊಟ್ಟವ್ರೆ. ಮನೇಲಿ ಎಷ್ಟು ಜನ ಅಂತ ಈ ತಮ್ಮ ಕೇಳಿದ. ಏಳು ಅಂದೆ. ಅಷ್ಟೇ ಆಗಿದ್ದು."

ಕೆರೆಯ ನೀರು ಕಲ್ಲಿಗೆ ಬಡಿಯುವ ಸದ್ದು ಎಲ್ಲರಿಗೂ ಕೇಳಿಸಿತು.

ಮೊದಲು ಚೇತರಿಸಿಕೊಂಡವಳು ಮುನಿರತ್ನಮ್ಮ. "ಅಂದ್ರೆ... ನಾನು ಬೀದಿಗೆಲ್ಲ ಏಳಿದ್ದು? ಆ ದೊಡ್ಡುಡ್ಗಿ ಡಿಗ್ರಿ? ನಾಳೆ ನಲ್ಲಿ ತಾವ ನಾನು ಎಂಗೆ ಮುಖ ತೋರಿಸ್ಲಿ?" ತಾನೇ ಹೆತ್ತ ಮಕ್ಕಳನ್ನು ಕಳೆದುಕೊಂಡವಳಂತೆ ಅವಳ ದನಿ ನಡುಗಿತು.

"ಇರೋನು ಒಬ್ಬ. ಏಳು ಅಂತ ಯಾಕಂದೆ?" ಅಕ್ಕನ ದನಿ ತಣ್ಣಗಿತ್ತು. "ಯಾರ್ಯಾರನ್ನ ಎಣಿಸಿದೆ?"

ಮುನಿಸ್ವಾಮಪ್ಪ ಸ್ಟೇರಿಂಗ್ ನೋಡುತ್ತ ಬೆರಳು ಮಡಿಚಿದ. "ನಾನು. ನೀನು. ಶಶಿರೇಖ, ಅವಳ ಗಂಡ, ಮಗು. ಪಕ್ಕದ್ಮನೆ ಮುನಿರತ್ನಮ್ಮ. ಕುಪ್ಪುಸಾಮಿ."

"ನನ್ನ ಯಾವ ಸೀಟಿಗೆ ಎಣಿಸಿದೆ?" ಹಿಂದಿನಿಂದ ದನಿ ಗುಡುಗಿತು.

"ಕೊನೇ ಸಾಲಿಗೆ."

"ಕೊನೇ ಸಾಲಾ! ಮೂವತ್ತು ವರ್ಷದ ಸ್ನೇಹ! ನನ್ನ ಉದ್ದ ನೋಡಿಲ್ವಾ ನೀನು?"

ಅಕ್ಕ ತಟ್ಟೆ ಎತ್ತಿಕೊಂಡು ಇಳಿದಳು. ಎರಡು ಬಾಳೆಹಣ್ಣು ಮುರಿದು ತಾನು ಕೂತಿದ್ದ ಸೀಟಿನ ಮೇಲಿಟ್ಟಳು. "ಆ ಮಗು ಈಗ ಮಾತಾಡ್ತೈತೆ," ಎಂದಳು. "ನೀನು ಕೇಳಿಲ್ಲ." ಕೆರೆ ಏರಿಯಿಂದ ಇಳಿದು ಮನೆಯ ದಾರಿ ಹಿಡಿದಳು. ತಿರುಗಿ ನೋಡಲಿಲ್ಲ. ಅವಳ ಬಳೆಯ ಸದ್ದು ಬಹಳ ದೂರದವರೆಗೆ ಮುನಿಸ್ವಾಮಪ್ಪನಿಗೆ ಕೇಳಿಸಿತು.

ಡೀಸೆಲ್ ಹಾಕಿಸಿ ಹಿಂದಿರುಗುವಾಗ ಯಾರೂ ಒಂದು ಮಾತಾಡಲಿಲ್ಲ. ಕುಂಬಳಕಾಯಿ ಸಹ ಉರುಳಲಿಲ್ಲ. ಬೀದಿ ತಲುಪಿದ ಮೇಲೆ ಒಬ್ಬೊಬ್ಬರಾಗಿ ಇಳಿದು ತಮ್ಮ ತಮ್ಮ ಬಾಗಿಲು ಹಾಕಿಕೊಂಡರು.

ಸಾಯಿಕುಮಾರ್ ಸುಸ್ತಾದ ಮುಖದಿಂದ ಕಾಗದವೊಂದನ್ನು ಚಾಚಿದ. "ಸಾರ್, ತಗೊಳಲ್ಲ ಅಂತ ಗೊತ್ತಾಯ್ತು. ಅಭಿಪ್ರಾಯ ಆದ್ರೂ ಬರೆದುಕೊಡಿ. ಇಲ್ದಿದ್ರೆ ಇಷ್ಟು ಕಿಲೋಮೀಟರಿಗೆ ನಾನೇನು ಉತ್ತರ ಕೊಡ್ಲಿ?"

ಮುನಿಸ್ವಾಮಪ್ಪ ಕನ್ನಡಕ ಹಾಕಿಕೊಂಡು, ಕಾರ್ಖಾನೆಯ ದಿನಗಳಂತೆ ದುಂಡಗೆ ಬರೆದ: 'ಇಂಜಿನ್ ಎಳೆತ ಉತ್ತಮ. ಉಬ್ಬಿನಲ್ಲಿ ಜಾರುವುದಿಲ್ಲ. ನಾಲ್ಕನೇ ಇಂಜೆಕ್ಟರ್ ನೋಡಿಸಿ. ಕೊನೆ ಸಾಲಿನಲ್ಲಿ ಉದ್ದದವರಿಗೆ ಕಷ್ಟ. ಹೋಗುವಾಗ ಗಾಡಿಯೊಳಗೆ ವಿಪರೀತ ಶಬ್ದ, ಸರಿಪಡಿಸಬೇಡಿ. ಬರುವಾಗ ಶಬ್ದವೇ ಇಲ್ಲ. ಅದೇ ದೋಷ.' ಕೆಳಗೆ ಸಹಿ ಹಾಕಿದ.

ಸಾಯಿಕುಮಾರ್ ಎರಡು ಸಲ ಓದಿದ. ಏನೂ ಕೇಳದೆ ಮಡಚಿ ಜೇಬಿಗಿಟ್ಟುಕೊಂಡ. ಅರಿಶಿನ ಮೆತ್ತಿದ ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಯಿತು.

ಮುನಿಸ್ವಾಮಪ್ಪ ಒಳಗೆ ಹೋಗಿ ಕೂತ. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಅಕ್ಕ ಇಟ್ಟ ಬಾಳೆಹಣ್ಣಿನಲ್ಲಿ ಒಂದನ್ನು ತಿಂದ, ಇನ್ನೊಂದನ್ನು ದೇವರ ಮುಂದಿಟ್ಟ. ಸ್ವಲ್ಪ ಹೊತ್ತು ದೇವರನ್ನೇ ನೋಡಿದ. ದೇವರೂ ಮಾತಾಡಲಿಲ್ಲ. ಆಮೇಲೆ ಎದ್ದು ಸ್ಪ್ಯಾನರು ಹುಡುಕಿ, ಸ್ಟೂಲು ಹತ್ತಿ, ತಾನೇ ಬಿಗಿದಿದ್ದ ಫ್ಯಾನಿನ ಬೋಲ್ಟನ್ನು ಒಂದು ಸುತ್ತು ಸಡಿಲ ಮಾಡಿದ. ಇಳಿದು ಸ್ವಿಚ್ಚು ಹಾಕಿದ.

ಟಕ್. ಟಕ್. ಟಕ್. ಟಕ್.

ಕಣ್ಣು ಮುಚ್ಚಿ ಕೇಳಿಸಿಕೊಂಡ. "ಸರಿ," ಎಂದ.

ಸಂಜೆಯಾಗುವ ಹೊತ್ತಿಗೆ ಪಕ್ಕದ ಗೋಡೆಯ ಮೇಲೆ ಮುಷ್ಟಿ ಬಡಿಯಿತು. ಮಾತು ಬಿಟ್ಟವಳ ಬಿಗುವಿನ ದನಿಯಲ್ಲೇ ಮುನಿರತ್ನಮ್ಮ ಕೂಗಿದಳು: "ಅಣ್ಣಾ! ಆ ಫ್ಯಾನು ಆಗ್ಲಿಂದ ಅಂಗೆ ಬಡ್ಕೋತೈತೆ. ನಿಂಗೆ ಕೇಳಿಸ್ತಾ ಇಲ್ವಾ?"

ಎಂಟು ಮನೆಯಾಚೆಯ ಕುಕ್ಕರಿನ ವಾಷರು ಸವೆದದ್ದನ್ನು ಕೂತಲ್ಲಿಂದಲೇ ಹೇಳಬಲ್ಲ ಮುನಿಸ್ವಾಮಪ್ಪ ಗೋಡೆಯ ಕಡೆ ತಿರುಗಿದ.

"ಇಲ್ಲಮ್ಮಾ," ಎಂದ. "ನಂಗೇನೂ ಕೇಳಿಸ್ತಾ ಇಲ್ಲ. ನೀನೇ ಒಂದ್ಸಲ ಬಂದು ನೋಡು."

ಆಮೇಲೆ ಎಲ್ಲೋ ಒಂದು ಚಿಲಕ ಸರಿಯಿತು. ಯಾವ ಮನೆಯ ಚಿಲಕವೆಂದು ಆ ಕಿವಿಗೆ ಯಾರೂ ಹೇಳಬೇಕಾಗಿರಲಿಲ್ಲ.